ಕಂಬ, ಬೋದಿಗೆ, ತೊಲೆ: ಕಾವೇರಿಯ ಕಲ್ಲುಸೇತುವೆಗಳು

ಶಿವನಸಮುದ್ರದಲ್ಲಿ ಕಾವೇರಿ ಎರಡು ಕವಲಾಗಿ ಒಡೆದು, ನಡುವೆ ಒಂದು ನಡುಗಡ್ಡೆಯನ್ನು ಬಿಟ್ಟು ಹರಿಯುತ್ತದೆ. ಪಡುವಣ ಕವಲು ಗಗನಚುಕ್ಕಿಯಾಗಿ, ಮೂಡಣ ಕವಲು ಭರಚುಕ್ಕಿಯಾಗಿ ಕೆಳಕ್ಕೆ ಧುಮುಕುತ್ತವೆ. ಜಲಪಾತಗಳಿಗಿಂತ ಮೇಲೆ, ಹೊಳೆ ಇನ್ನೂ ಬಂಡೆಗಳ ಮೇಲೆ ಹರಡಿಕೊಂಡಿರುವಲ್ಲಿ, ಎರಡೂ ಕವಲುಗಳಿಗೆ ಅಡ್ಡಲಾಗಿ ಎರಡು ಕಲ್ಲುಸೇತುವೆಗಳನ್ನು ಕಟ್ಟಲಾಗಿದೆ. ಅವು ಈಗಿನ ರೂಪ ಪಡೆದದ್ದು 1830ರ ಸುಮಾರಿಗೆ. ಎರಡರಲ್ಲೂ ಒಂದೇ ಒಂದು ಕಮಾನಿಲ್ಲ. ಹೊಳೆಯ ತಳದ ಬಂಡೆಯಿಂದ ಸಾಲುಸಾಲಾಗಿ ಕಲ್ಲುಕಂಬಗಳು ಏಳುತ್ತವೆ. ಕಂಬಗಳ ತಲೆಯ ಮೇಲೆ ಕಲ್ಲಿನ ತೊಲೆಗಳು, ತೊಲೆಗಳ ಮೇಲೆ ಚಪ್ಪಡಿಗಳು, ಚಪ್ಪಡಿಗಳ ಮೇಲೆ ದಾರಿ. ದೇವಸ್ಥಾನದ ಮಂಟಪವೊಂದನ್ನು ಉದ್ದಕ್ಕೆ ಎಳೆದು ಹೊಳೆಯಲ್ಲಿ ನಿಲ್ಲಿಸಿದ ಹಾಗೆ ಕಾಣುತ್ತದೆ. ಈ ಹೋಲಿಕೆ ಕಣ್ಣಿಗೆ ತೋರುವಷ್ಟಕ್ಕೇ ನಿಲ್ಲುವುದಿಲ್ಲ, ಸೇತುವೆಯ ಚರಿತ್ರೆಯೂ ವಿಜ್ಞಾನವೂ ಅದರಲ್ಲೇ ಇವೆ.

ಶಿವನಸಮುದ್ರದಿಂದ ಕೆಳಗೆ ಕಾವೇರಿ ಮೇಕೆದಾಟಿನ ಇಕ್ಕಟ್ಟನ್ನು ದಾಟಿ ಧರ್ಮಪುರಿ ಜಿಲ್ಲೆಯ ಹೊಗೆನಕಲ್ಲಿಗೆ ಬರುತ್ತದೆ, ಅಲ್ಲಿಂದ ಸೇಲಂ ಜಿಲ್ಲೆಯ ಮೆಟ್ಟೂರಿನ ಜಲಾಶಯ ಸೇರುತ್ತದೆ. ಇದೆಲ್ಲ ಒಂದೇ ಕಲ್ಲಿನ ಸೀಮೆ, ಕನ್ನಡ ತಮಿಳು ಬೆರೆತ ಸೀಮೆಯೂ ಹೌದು. ಹೊಗೆನಕಲ್ ಎಂಬ ಹೆಸರೇ ಕನ್ನಡದ್ದು: ನೀರಿನ ತುಂತುರು ಹೊಗೆಯಂತೆ ಏಳುವ ಕಲ್ಲು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹಾಗಾಗಿ ಶಿವನಸಮುದ್ರದ ಸೇತುವೆಗಳು ಮೈಸೂರು ಸಂಸ್ಥಾನವನ್ನೂ ಮದ್ರಾಸ್ ಪ್ರಾಂತ್ಯವನ್ನೂ ಕೂಡಿಸುತ್ತಿದ್ದವು. ಕೊಳ್ಳೇಗಾಲದಿಂದ ಮಲೆ ಮಹದೇಶ್ವರ ಬೆಟ್ಟ ಹತ್ತಿ, ಪಾಲಾರ್ ಹಳ್ಳದ ಕಡೆ ಇಳಿದು, ಮೆಟ್ಟೂರಿನ ಮೇಲೆ ಸೇಲಂ ತಲುಪುವ ದಾರಿಯಲ್ಲಿ ಮಾದಪ್ಪನ, ಅಂದರೆ ಆ ಮಹದೇಶ್ವರನ, ಪರಿಸೆಗೆ ಹೋಗುವವರು ಇಂದಿಗೂ ಎರಡೂ ಕಡೆಯಿಂದ ನಡೆಯುತ್ತಾರೆ.

ಈ ಸೀಮೆಯ ದಾರಿಗಳು ಸೇತುವೆಗಳಿಗಿಂತ ಬಹಳ ಹಳೆಯವು. ಧರ್ಮಪುರಿ ಜಿಲ್ಲೆಯಲ್ಲಿ ಸಿಕ್ಕಿರುವ ಸುಮಾರು 13ನೆಯ ಶತಮಾನದ ದೂರಗಲ್ಲುಗಳಲ್ಲಿ ‘ಅದಿಯಮಾನ್ ಪೆರುವಳಿ’, ಅಂದರೆ ಅದಿಯಮಾನ್ ಅರಸರ ಹೆದ್ದಾರಿ, ಎಂದು ಕೆತ್ತಲಾಗಿದೆ. ಒಂದರಲ್ಲಿ ನಾವಲ್ ತಾವಳ ಎಂಬ ಊರಿಗೆ 29 ಕಾದ ದೂರ ಎಂಬ ಬರಹವಿದೆ. ಕಾದ ಎಂದರೆ ನಮ್ಮ ಗಾವುದದಂಥ ಒಂದು ಅಳತೆ. ಬರಹದ ಜತೆಗೆ ಗುಳಿಗಳನ್ನೂ ಕೊರೆದಿದ್ದಾರೆ: ದೊಡ್ಡ ಗುಳಿ ಒಂದಕ್ಕೆ ಹತ್ತು, ಸಣ್ಣದಕ್ಕೆ ಒಂದು. ಓದು ಬಾರದ ದಾರಿಹೋಕನೂ ಬೆರಳಾಡಿಸಿ ದೂರ ತಿಳಿದುಕೊಳ್ಳಲಿ ಎಂಬ ಆ ಕಾಳಜಿ ಮನಸ್ಸು ಮುಟ್ಟುವಂಥದ್ದು. ಇಂಥ ದಾರಿಗಳಿಗೆ ಹೊಳೆ ಅಡ್ಡ ಬಂದಾಗ ಜನ ನೀರು ಇಳಿದ ಕಾಲದಲ್ಲಿ ಕಾಲ್ನಡಿಗೆಯಲ್ಲಿ, ಏರಿದ ಕಾಲದಲ್ಲಿ ಹರಿಗೋಲಿನಲ್ಲಿ ದಾಟುತ್ತಿದ್ದರು. ಹೊಗೆನಕಲ್ಲಿನ ಮಡುಗಳಲ್ಲಿ ಹರಿಗೋಲು ಈಗಲೂ ಓಡಾಡುತ್ತದೆ. ಮುಂಗಾರಿನಲ್ಲಿ ಹೊಳೆ ತುಂಬಿದರೆ ಹರಿಗೋಲೂ ನಿಲ್ಲುತ್ತದೆ. ಸೇತುವೆಯ ಅಗತ್ಯ ಹುಟ್ಟಿದ್ದು ಆ ಕೆಲವು ತಿಂಗಳುಗಳಿಗಾಗಿ.

ಸೇತುವೆಯ ರೂಪವನ್ನು ಮೊದಲು ತೀರ್ಮಾನಿಸಿದ್ದು ಅಲ್ಲಿನ ಕಲ್ಲು. ದಕ್ಷಿಣ ಕರ್ನಾಟಕದಿಂದ ಧರ್ಮಪುರಿ, ಸೇಲಂವರೆಗೆ ಹಬ್ಬಿರುವುದು ಭೂಮಿಯ ಅತಿ ಹಳೆಯ ಶಿಲಾಫಲಕಗಳಲ್ಲಿ ಒಂದು. ಪಟ್ಟೆಪಟ್ಟೆಯಾಗಿ ಕಾಣುವ ನೈಸ್ ಶಿಲೆಗೆ ಸುಮಾರು 300 ಕೋಟಿ ವರ್ಷ; ಅದನ್ನು ಸೀಳಿಕೊಂಡು ಬಂದ, ರಾಮನಗರದ ಬೆಟ್ಟಗಳಲ್ಲಿ ಕಾಣುವ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ. ದಕ್ಷಿಣಕ್ಕೆ ಹೋದಂತೆ ಶಿಲೆಯ ಬಣ್ಣ ಕಪ್ಪಗಾಗುತ್ತದೆ. ನೆಲದಾಳದಲ್ಲಿ ಹೆಚ್ಚು ಶಾಖ, ಹೆಚ್ಚು ಒತ್ತಡಕ್ಕೆ ಸಿಕ್ಕು ಬೆಂದ ಕಲ್ಲು ಅದು. ಸೇಲಂ ಜಿಲ್ಲೆಯ ಏರ್ಕಾಡು ಇರುವ ಶೇರ್ವರಾಯನ್ ಬೆಟ್ಟಸಾಲು ಈ ಬಗೆಯ ಚಾರ್ನಕೈಟ್ ಶಿಲೆಯದು. ಕೋಲ್ಕತ್ತದಲ್ಲಿರುವ ಜಾಬ್ ಚಾರ್ನಕ್ ಎಂಬಾತನ ಸಮಾಧಿಯ ಕಲ್ಲನ್ನು ನೋಡಿ ಭೂವಿಜ್ಞಾನಿ ಥಾಮಸ್ ಹಾಲೆಂಡ್ ಈ ಹೆಸರಿಟ್ಟ. ಆ ಕಲ್ಲು ಅಲ್ಲಿಗೆ ಹೋಗಿದ್ದು ಮದ್ರಾಸಿನ ಕಡೆಯಿಂದ.

ಕಾವೇರಿಯ ಪಾತ್ರದಲ್ಲೂ ಈ ಸೀಮೆಯ ಗಟ್ಟಿ ಬಂಡೆಯೇ. ಬಯಲುಸೀಮೆಯ ಮರಳು ಹೊಳೆಯಲ್ಲಿ ಸೇತುವೆ ಕಟ್ಟುವವನಿಗೆ ಅಡಿಪಾಯವೇ ಅತಿ ದೊಡ್ಡ ತೊಡಕು. ಕಂಬದ ಸುತ್ತ ನೀರು ಸುಳಿದು ಮರಳನ್ನು ಕೊರೆದು ಒಯ್ಯುತ್ತದೆ, ಕಂಬ ತಾನಾಗಿ ವಾಲುತ್ತದೆ. ಲೋಕದಲ್ಲಿ ಸೇತುವೆಗಳು ಬೀಳಲು ಈ ಬುಡಕೊರೆತ ಮುಖ್ಯ ಕಾರಣಗಳಲ್ಲೊಂದು. ಶ್ರೀರಂಗಪಟ್ಟಣದಲ್ಲಾಗಲಿ ಶಿವನಸಮುದ್ರದಲ್ಲಾಗಲಿ ಕಟ್ಟುವವರಿಗೆ ಆ ಭಯ ಇರಲಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಬಂಡೆ ಬರಿದಾಗುತ್ತದೆ. ಅದರಲ್ಲೇ ಗುಳಿ ಹೊಡೆದು ಕಂಬ ನೆಟ್ಟರೆ ಅಡಿಪಾಯ ಮುಗಿಯಿತು.

ಇನ್ನು ಅಷ್ಟುದ್ದದ ಕಲ್ಲನ್ನು ಬಂಡೆಯಿಂದ ಎಬ್ಬಿಸುವ ಕೆಲಸ. ಮೈಸೂರು ಸೀಮೆಯ ಕಲ್ಲುಕುಟಿಗರು ಇದನ್ನು ಬೆಂಕಿಯಿಂದ ಸಾಧಿಸುತ್ತಿದ್ದರು. 1890ರ ದಶಕದಲ್ಲಿ ಬೆಂಗಳೂರಿನ ಬಳಿಯ ಒಂದು ಕಲ್ಲುಗಣಿಯಲ್ಲಿ ಭೂವಿಜ್ಞಾನಿಯೊಬ್ಬರು ಇದನ್ನು ಕಣ್ಣಾರೆ ನೋಡಿ ದಾಖಲಿಸಿದ್ದಾರೆ. ಬಂಡೆಯ ಬರಿ ಮೈಮೇಲೆ ಸೌದೆಯ ಒಂದು ಸಾಲು ಬೆಂಕಿ ಹಾಕುತ್ತಾರೆ. ಬೆಂಕಿಯ ಕೆಳಗಿನ ಪದರ ಬಿಸಿಯಾಗಿ ಹಿಗ್ಗುತ್ತದೆ, ಅದರಡಿಯ ಕಲ್ಲು ತಣ್ಣಗೇ ಇರುತ್ತದೆ. ಹಿಗ್ಗಿದ ಪದರಕ್ಕೆ ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಅದು ಮೇಲಕ್ಕೆ ಉಬ್ಬಲು ಹವಣಿಸಿದಾಗ ಕೆಲವು ಅಂಗುಲ ಕೆಳಗೆ, ಮೈಗೆ ಸಮನಾಗಿ, ಬಿರುಕು ಹರಿಯುತ್ತದೆ. ಕೆಲಸಗಾರ ಸುತ್ತಿಗೆಯಿಂದ ಕಲ್ಲನ್ನು ತಟ್ಟಿ ಕಿವಿಗೊಡುತ್ತಾನೆ. ಗಟ್ಟಿ ಬಂಡೆಯ ದನಿ ಬೇರೆ, ಬಿಟ್ಟುಕೊಂಡ ಹಾಸಿನ ದನಿ ಬೇರೆ. ಬಿಟ್ಟುಕೊಂಡಿದ್ದು ಖಾತ್ರಿಯಾದ ಮೇಲೆ ಬೆಂಕಿಯ ಸಾಲನ್ನು ಸ್ವಲ್ಪ ಮುಂದಕ್ಕೆ ನೂಕುತ್ತಾರೆ. ಆ ದಿನ ಬೆಂಕಿ ಉರಿದದ್ದು 8 ಗಂಟೆ, ಹಾದುಹೋದ ಜಾಗ ಸುಮಾರು 460 ಚದರ ಅಡಿ. ಬಿರುಕು ಬೆಂಕಿಯ ಅಂಚನ್ನೂ ಮೀರಿ ಹರಿದಿದ್ದರಿಂದ ಒಟ್ಟು 740 ಚದರ ಅಡಿಯ ಒಂದೇ ಹಾಸು ಬಿಡಿಸಿಕೊಂಡಿತು, ದಪ್ಪ ಸರಾಸರಿ 5 ಅಂಗುಲ. ಅದನ್ನು ಉಳಿಯಿಂದ ಪಟ್ಟಿಪಟ್ಟಿಯಾಗಿ ಸೀಳಿದರು. ಇದಕ್ಕಿಂತ ದಪ್ಪದ ತೊಲೆ, ಕಂಬಗಳಿಗೆ ಸಾಲಾಗಿ ಕುಳಿ ಹೊಡೆದು ಬೆಣೆ ಬಡಿಯುವ ವಿಧಾನವಿತ್ತು. ಆ ಬೆಣೆಗುರುತುಗಳ ಸಾಲು ಹಳೆಯ ಗುಡಿಗಳ ಸುತ್ತಲ ಬಂಡೆಗಳ ಮೇಲೆ ಇಂದಿಗೂ ಎಷ್ಟೋ ಕಡೆ ಕಾಣುತ್ತದೆ.

ಹೀಗೆ ಸಿಕ್ಕ ಕಲ್ಲಿಗೆ ಒಂದು ದೊಡ್ಡ ಬಲ, ಒಂದು ದೊಡ್ಡ ದೌರ್ಬಲ್ಯ. ಒಳ್ಳೆಯ ಗ್ರಾನೈಟನ್ನು ಅದುಮಿದರೆ ಚದರ ಸೆಂಟಿಮೀಟರಿಗೆ 1 ಟನ್ನಿಗೂ ಹೆಚ್ಚು ಭಾರ ತಡೆಯುತ್ತದೆ. ಅದೇ ಕಲ್ಲನ್ನು ಎಳೆದರೆ ಅದರ ಹತ್ತನೆಯ ಒಂದು ಪಾಲಿಗೇ ಕಿತ್ತುಬರುತ್ತದೆ. ಕಂಬಕ್ಕೆ ಬರೀ ಅದುಮು, ಆದ್ದರಿಂದ ಕಂಬದ ಬಗ್ಗೆ ಚಿಂತೆ ಕಡಿಮೆ. ತೊಲೆಯ ಮಾತು ಬೇರೆ. ಎರಡು ಕಂಬಗಳ ನಡುವೆ ಇಟ್ಟ ತೊಲೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆಗ ಅದರ ಮೇಲ್ಮೈ ಅದುಮಿಕೊಳ್ಳುತ್ತದೆ, ಅಡಿಮೈ ಎಳೆಯಲ್ಪಡುತ್ತದೆ. ಕಲ್ಲುತೊಲೆ ಮುರಿಯುವುದು ಯಾವಾಗಲೂ ಅಡಿಯಿಂದ, ಸಾಮಾನ್ಯವಾಗಿ ನಟ್ಟನಡುವೆ.

ಲೆಕ್ಕ ಹಾಕಿ ನೋಡಬಹುದು. 3 ಮೀಟರ್ ಉದ್ದ, 40 ಸೆಂ.ಮೀ. ಅಗಲ, 30 ಸೆಂ.ಮೀ. ದಪ್ಪದ ಗ್ರಾನೈಟ್ ತೊಲೆಯೊಂದನ್ನು ಊಹಿಸಿಕೊಂಡರೆ ಅದರ ತೂಕ ಹತ್ತಿರಹತ್ತಿರ 1 ಟನ್. ತನ್ನ ತೂಕಕ್ಕೇ ಅದರ ಅಡಿಮೈಯಲ್ಲಿ ಚದರ ಸೆಂ.ಮೀ.ಗೆ ಸುಮಾರು 6 ಕಿಲೋ ಎಳೆತ ಹುಟ್ಟುತ್ತದೆ. ನಡುವೆ 1 ಟನ್ ಭಾರ ನಿಂತರೆ ಇನ್ನೊಂದು 12ರಿಂದ 13 ಕಿಲೋ ಸೇರುತ್ತದೆ. ಒಟ್ಟು 19 ಕಿಲೋ ಎನ್ನೋಣ. ಒಳ್ಳೆಯ ಕಲ್ಲು 100 ಕಿಲೋದ ಆಸುಪಾಸಿನವರೆಗೂ ತಡೆಯುವುದರಿಂದ ಐದು ಪಟ್ಟು ಭದ್ರತೆ ಇದೆ. ಹೇರು ಹೊತ್ತ ಎತ್ತಿನಗಾಡಿಗೆ ಧಾರಾಳ ಸಾಕು. ಈಗ ಅದೇ ತೊಲೆಯನ್ನು 6 ಮೀಟರಿಗೆ ಚಾಚಿದರೆ ಗಾಡಿಯ ಭಾರದ ಎಳೆತ ಎರಡರಷ್ಟಾದರೆ, ತೊಲೆಯ ಸ್ವಂತ ಭಾರದ ಎಳೆತ ನಾಲ್ಕರಷ್ಟಾಗುತ್ತದೆ. ಒಟ್ಟು 49 ಕಿಲೋ, ಭದ್ರತೆ ಎರಡೇ ಪಟ್ಟು. ಕಲ್ಲಿನಲ್ಲೊಂದು ಕೂದಲೆಳೆಯ ಬಿರುಕಿದ್ದರೂ ಅಲ್ಲಿಗೆ ಕತೆ ಮುಗಿಯಿತು. ಕಲ್ಲುಸೇತುವೆಯ ಕಂಬಗಳು ಅಷ್ಟು ಒತ್ತೊತ್ತಾಗಿ ಏಕೆ ನಿಂತಿವೆ ಎಂಬುದಕ್ಕೆ ಉತ್ತರ ಈ ಲೆಕ್ಕದಲ್ಲಿದೆ.

ತೊಲೆಯ ಈ ಗುಣವನ್ನು ಮೊದಲು ಗಣಿತಕ್ಕೆ ತಂದವನು ಗೆಲಿಲಿಯೋ, 1638ರ ತನ್ನ ಪುಸ್ತಕದಲ್ಲಿ. ಅದರಲ್ಲೊಂದು ಪ್ರಸಂಗ ಬರುತ್ತದೆ. ಅಮೃತಶಿಲೆಯ ಕಂಬವೊಂದನ್ನು ಎರಡು ದಿಮ್ಮಿಗಳ ಮೇಲೆ ಅಡ್ಡಲಾಗಿ ಮಲಗಿಸಿದ್ದರು. ನಡುವೆ ಮುರಿದೀತೆಂದು ಯಾರೋ ಮೂರನೆಯ ದಿಮ್ಮಿಯನ್ನು ನಡುವಿಗೆ ಕೊಟ್ಟರು. ಕೆಲವು ತಿಂಗಳಲ್ಲಿ ಕಂಬ ಸರಿಯಾಗಿ ಆ ಮೂರನೆಯ ದಿಮ್ಮಿಯ ಮೇಲೆಯೇ ಮುರಿಯಿತು. ಒಂದು ತುದಿಯ ದಿಮ್ಮಿ ಕೊಳೆತು ತಗ್ಗಿದ್ದರಿಂದ ಆ ಕಡೆಯ ಅರ್ಧ ಆಧಾರವಿಲ್ಲದೆ ತೂಗಿಬಿದ್ದಿತ್ತು. ಶಿವನಸಮುದ್ರದಂಥ ಸೇತುವೆಯ ರಚನೆಯಲ್ಲಿ ಈ ಅಪಾಯಕ್ಕೆ ಎಡೆಯಿಲ್ಲ, ಏಕೆಂದರೆ ಪ್ರತಿ ತೊಲೆಯೂ ಎರಡೇ ಆಧಾರಗಳ ನಡುವೆ ಮಲಗಿರುತ್ತದೆ. ಒಂದು ಕಂಬ ಸ್ವಲ್ಪ ಕುಸಿದರೂ ತೊಲೆ ಅದರೊಂದಿಗೆ ತುಸು ಓರೆಯಾಗುತ್ತದೆ, ಮುರಿಯುವುದಿಲ್ಲ.

ಕಂಬದ ತಲೆಗೂ ತೊಲೆಗೂ ನಡುವೆ ಇಡುವ ಚಾಚುಗಲ್ಲಿಗೆ ಬೋದಿಗೆ ಎಂದು ಹೆಸರು. ಗುಡಿಗಳಲ್ಲಿ ಅದರ ಮೇಲೆ ಹೂಬಳ್ಳಿ, ತಾವರೆಮೊಗ್ಗು ಕೆತ್ತುವುದರಿಂದ ಬರೀ ಅಲಂಕಾರವೆಂದು ತೋರಬಹುದು. ಅದರ ನಿಜವಾದ ಕೆಲಸ ತೊಲೆಯ ಬಯಲು ಉದ್ದವನ್ನು ತಗ್ಗಿಸುವುದು. 3 ಮೀಟರ್ ಅಂತರದಲ್ಲಿ ಎರಡೂ ಬದಿಯಿಂದ 30 ಸೆಂ.ಮೀ. ಬೋದಿಗೆ ಚಾಚಿಕೊಂಡರೆ ಉಳಿಯುವುದು 2.4 ಮೀಟರ್, ಸ್ವಂತ ಭಾರದ ಎಳೆತ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಇಳಿಯುತ್ತದೆ. ಸೂತ್ರ ಬರೆಯದೆಯೂ ನಮ್ಮ ಶಿಲ್ಪಿಗಳು ಇದನ್ನು ಕೈಯಲ್ಲಿ ಬಲ್ಲವರಾಗಿದ್ದರು.

ಆ ಕೈಯರಿವು ಬಂದದ್ದು ಗುಡಿಗಳಿಂದ. ಧರ್ಮಪುರಿ ಹಿಂದೆ ತಗಡೂರು ಎನಿಸಿಕೊಂಡು ನೊಳಂಬರ ಆಳ್ವಿಕೆಯಲ್ಲಿತ್ತು. 9ನೆಯ ಶತಮಾನದ ಕೊನೆಯ ಹೊತ್ತಿಗೆ ನೊಳಂಬ ಮಹೇಂದ್ರನ ಕಾಲದಲ್ಲಿ ಅಲ್ಲಿ ಬಸದಿ ಕಟ್ಟಿಸಿದ ಸಂಗತಿಯನ್ನು ಹಳಗನ್ನಡದ ಶಾಸನ ಹೇಳುತ್ತದೆ. ಅಲ್ಲಿಂದ ವಿಜಯನಗರದವರೆಗೆ ಆರೇಳು ನೂರು ವರ್ಷ ಕಲ್ಲುಮಂಟಪಗಳು ಏಳುತ್ತಲೇ ಹೋದವು. ಹಂಪಿಯಲ್ಲಿ ಅದೇ ಕಂಬಗಳು ಹೊಳೆಗೂ ಇಳಿದವು. ವಿಠ್ಠಲ ಗುಡಿಯಿಂದ ತುಸು ದೂರದಲ್ಲಿ, ತುಂಗಭದ್ರೆಯ ನೀರಿನ ನಡುವೆ ಮುರಿದ ಸೇತುವೆಯ ಕಂಬಗಳು ಸಾಲಾಗಿ ನಿಂತಿರುವುದನ್ನು ಇಂದಿಗೂ ದಡದಿಂದ ನೋಡಬಹುದು.

ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ಈ ಪರಂಪರೆಯ ಮುಂದಿನ ಘಟ್ಟ. ಟಿಪ್ಪುವಿನ ಪತನದ ಬಳಿಕ ದಿವಾನ್ ಪೂರ್ಣಯ್ಯನವರ ಉಸ್ತುವಾರಿಯಲ್ಲಿ ಕಟ್ಟಿ 1804ರಲ್ಲಿ ಮುಗಿಸಿದ ಇದಕ್ಕೆ ಆಗಿನ ಗವರ್ನರ್ ಜನರಲ್ ಮಾರ್ಕ್ವಿಸ್ ವೆಲ್ಲೆಸ್ಲಿಯ ಹೆಸರಿಟ್ಟರು. ಹೆಸರು ಇಂಗ್ಲಿಷಿನವನದು, ಕಟ್ಟಡ ಪೂರಾ ದೇಶಿ. ಬಂಡೆಯಲ್ಲಿ ನೆಟ್ಟ ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ. ಬೆಂಗಳೂರು-ಮೈಸೂರು ದಾರಿಯ ಬಸ್ಸು ಲಾರಿಗಳೂ 20ನೆಯ ಶತಮಾನದ ನಡುವಿನವರೆಗೆ ಅದರ ಮೇಲೇ ಓಡಾಡಿದವು. ಎತ್ತಿನಗಾಡಿಗೆಂದು ಕಟ್ಟಿದ್ದು ಲಾರಿಯನ್ನೂ ಹೊತ್ತಿತೆಂದರೆ ಆ ಐದು ಪಟ್ಟು ಭದ್ರತೆಯ ಬೆಲೆ ತಿಳಿಯುತ್ತದೆ.

ಶಿವನಸಮುದ್ರದ ಸೇತುವೆಗಳ ಹಿಂದಿರುವುದು ಯಾವ ಸರ್ಕಾರವೂ ಅಲ್ಲ, ಒಬ್ಬ ವ್ಯಕ್ತಿಯ ಹಟ. ತಿರುಚಿರಾಪಳ್ಳಿಯ ರಾಮಸ್ವಾಮಿ ಮೊದಲಿಯಾರ್ ಮೈಸೂರಿನ ಬ್ರಿಟಿಷ್ ರೆಸಿಡೆಂಟರ ಕಚೇರಿಯಲ್ಲಿ ಕೆಲಸದಲ್ಲಿದ್ದವರು. ಹಾಳುಬಿದ್ದು ಕಾಡು ಬೆಳೆದಿದ್ದ ನಡುಗಡ್ಡೆಗೆ ಜನ ಮತ್ತೆ ಹೋಗಿಬರುವಂತಾಗಲಿ ಎಂದು ಅವರು ಸ್ವಂತ ಹಣ ಸುರಿದು ಸೇತುವೆಗಳನ್ನು ಎಬ್ಬಿಸಿದರು, ಗುಡಿಗಳನ್ನು ದುರಸ್ತಿ ಮಾಡಿಸಿದರು. ಒಂದು ಸೇತುವೆಗೆ ಆಗಿನ ಮದ್ರಾಸ್ ಗವರ್ನರ್ ಲಷಿಂಗ್ಟನ್ನನ ಹೆಸರು ಬಂತು, ಇನ್ನೊಂದನ್ನು ಸುತ್ತಲ ಜನ ವೆಸ್ಲಿ ಸೇತುವೆ ಎನ್ನುತ್ತಾರೆ. ಮೊದಲಿಯಾರರಿಗೆ ಜಹಗೀರೂ ‘ಜನೋಪಕಾರ ಕಾಮಕರ್ತ’ ಎಂಬ ಬಿರುದೂ ದೊರೆತವು. ಆ ಬಿರುದನ್ನು ಅವರು ಸಂಪಾದಿಸಿಕೊಂಡಿದ್ದರು ಎನ್ನಲು ಅಡ್ಡಿಯಿಲ್ಲ. ನಡುಗಡ್ಡೆಯ ಎರಡೂ ಬದಿಗೆ ದಾರಿ ತೆರೆದ ಮೇಲೆ ಮಳೆಗಾಲದಲ್ಲೂ ಕೊಳ್ಳೇಗಾಲದ ಸೀಮೆ ಮೈಸೂರಿಗೆ ಹತ್ತಿರವಾಯಿತು. ಏಳು ದಶಕಗಳ ನಂತರ, 1902ರಲ್ಲಿ, ಇದೇ ಊರಿನ ಜಲವಿದ್ಯುತ್ ಕೇಂದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು.

ಗಟ್ಟಿ ಕಲ್ಲು ಸಿಗುವ ಬೇರೆ ನಾಡುಗಳಲ್ಲೂ ಜನ ಇದೇ ಉಪಾಯಕ್ಕೆ ಬಂದಿದ್ದಾರೆ. ಇಂಗ್ಲೆಂಡಿನ ಡಾರ್ಟ್‌ಮೂರ್ ಸೀಮೆಯ ಪೋಸ್ಟ್‌ಬ್ರಿಜ್‌ನಲ್ಲಿ ಮಧ್ಯಯುಗದ ಗ್ರಾನೈಟ್ ಚಪ್ಪಡಿಯ ಸೇತುವೆ ಇದೆ. ಚೀನಾದ ಫುಜಿಯನ್ ಪ್ರಾಂತ್ಯದ ಅನ್‌ಪಿಂಗ್ ಸೇತುವೆ 12ನೆಯ ಶತಮಾನದ್ದು, ಉದ್ದ 2 ಕಿಲೋಮೀಟರಿಗೂ ಹೆಚ್ಚು, ಅದೂ ಕಲ್ಲುತೊಲೆಗಳದೇ. ಅದೇ ಪ್ರಾಂತ್ಯದ ಜಿಯಾಂಗ್‌ಡಾಂಗ್ ಸೇತುವೆಯಲ್ಲಿ 23 ಮೀಟರ್ ಉದ್ದದ, ಸುಮಾರು 200 ಟನ್ ತೂಗುವ ತೊಲೆಗಳನ್ನೂ ಕೂರಿಸಿದ್ದರು. ಹಿಂದೆ ಮಾಡಿದ ಲೆಕ್ಕವನ್ನೇ ಅನ್ವಯಿಸಿದರೆ, ಅವು ತಮ್ಮ ತೂಕಕ್ಕೇ ಕಲ್ಲಿನ ತಾಳಿಕೆಯ ಅರ್ಧಕ್ಕಿಂತ ಹೆಚ್ಚನ್ನು ಬಳಸಿಕೊಂಡುಬಿಡುತ್ತವೆ. ಸಾಹಸವಾಗಿ ಅದು ದೊಡ್ಡದು. ಆದರೆ ಹಳ್ಳಿಗಾಡಿನ ದಾರಿಗೆ ಕಾವೇರಿಯ ಗಿಡ್ಡ ತೊಲೆಯೇ ಜಾಣತನದ್ದು. ಹತ್ತಾರು ಜನ, ಸನ್ನೆಗೋಲು, ಹಗ್ಗ, ಇಳಿಜಾರು ದಿಬ್ಬ ಇಷ್ಟರಲ್ಲೇ ಅದನ್ನು ಎತ್ತಿ ಕೂರಿಸಬಹುದು.

ಸೇತುವೆಗೆ ಗಾಡಿಯ ಭಾರಕ್ಕಿಂತ ದೊಡ್ಡ ಪರೀಕ್ಷೆ ಹೊಳೆಯ ನೂಕು. ಅರ್ಧ ಮೀಟರ್ ಅಗಲದ ಚೌಕ ಕಂಬದ ಸುತ್ತ 3 ಮೀಟರ್ ಆಳದ ನೀರು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಹರಿದರೆ ಕಂಬದ ಮೇಲೆ ಬೀಳುವ ನೂಕು ಸುಮಾರು 1.4 ಟನ್ ತೂಕಕ್ಕೆ ಸಮ. ವೇಗ ಇಮ್ಮಡಿಸಿದರೆ ನೂಕು ನಾಲ್ಮಡಿಸುತ್ತದೆ. ಒತ್ತೊತ್ತಾದ ಕಂಬಗಳ ತೊಂದರೆಯೂ ಆಗಲೇ ಹೊರಬೀಳುವುದು. ಹೊಳೆಯ ಅಗಲದಲ್ಲಿ ಒಂದು ಪಾಲನ್ನು ಕಂಬಗಳೇ ತಿಂದುಬಿಡುವುದರಿಂದ ಸೇತುವೆಯ ಮೇಲ್ಬದಿಯಲ್ಲಿ ನೀರು ಏರುತ್ತದೆ, ಕಂಬಗಳ ನಡುವೆ ರಭಸವಾಗಿ ನುಗ್ಗುತ್ತದೆ. ಕಿತ್ತುಬಂದ ಮರವೊಂದು ಅಡ್ಡ ಸಿಕ್ಕಿಕೊಂಡರೆ ಅದರ ಬೆನ್ನಿಗೆ ರೆಂಬೆ, ಬಿದಿರು, ಜೊಂಡು ಬಂದು ಜಮೆಯಾಗಿ ಗೋಡೆಯೇ ಎದ್ದುಬಿಡುತ್ತದೆ.

ನೀರು ದಾರಿಯ ಮಟ್ಟವನ್ನೂ ಮೀರಿದಾಗ ಇನ್ನೊಂದು ಸಂಗತಿ ನಡೆಯುತ್ತದೆ. ಮುಳುಗಿದ ವಸ್ತು ತಾನು ಸರಿಸಿದ ನೀರಿನಷ್ಟು ತೂಕ ಕಳೆದುಕೊಳ್ಳುತ್ತದೆ. 1 ಟನ್ ತೂಗುತ್ತಿದ್ದ ತೊಲೆ ನೀರಿನಡಿಯಲ್ಲಿ ತೂಗುವುದು 6 ಕ್ವಿಂಟಲ್ ಚಿಲ್ಲರೆ. ಹೆಚ್ಚುಮಟ್ಟಿಗೆ ತನ್ನ ಭಾರದಿಂದಲೇ ಜಾಗದಲ್ಲಿ ಕೂತಿದ್ದ ಕಲ್ಲು ಹಗುರವಾಗುವುದೂ, ಪಕ್ಕದಿಂದ ನೂಕು ಹೆಚ್ಚುವುದೂ ಒಂದೇ ಹೊತ್ತಿಗೆ. ತೊಲೆ ಸರಿದುಬಿದ್ದರೆ ಕಂಬದ ತಲೆಯ ಮೇಲಿನ ಅದುಮು ತಪ್ಪುತ್ತದೆ. ಅದುಮು ತಪ್ಪಿದ ಕಂಬದ ಬುಡ ಗುಳಿಯಲ್ಲಿ ಅಲುಗತೊಡಗುತ್ತದೆ. ಒಂದು ಕಲ್ಲು ಹೋದರೆ ನೆರೆಯದೂ ಹೋಗುವುದು ಹೀಗೆ.

1924ರ ಜುಲೈನಲ್ಲಿ ಕಾವೇರಿ ಕಂಡ ಮಹಾಪೂರ ಈ ಕಣಿವೆಯ ನೆನಪಿನಲ್ಲಿ ಇನ್ನೂ ಅಳಿದಿಲ್ಲ. ಮರುವರ್ಷ ಆರಂಭವಾಗಿ 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟೆಯ ಹಿನ್ನೀರಿನಲ್ಲಿ ಹಲವು ಊರುಗಳು ಮುಳುಗಿದವು. ಸೇಲಂ ಜಿಲ್ಲೆಯ ಪಣ್ಣವಾಡಿಯ ಬಳಿ, ಜಲಾಶಯದ ಮಟ್ಟ ಬಹಳ ಇಳಿದ ವರ್ಷಗಳಲ್ಲಿ, ಜಲಕಂಠೇಶ್ವರ ಗುಡಿಯ ನಂದಿ ನೀರಿನಿಂದ ತಲೆಯೆತ್ತುತ್ತದೆ. 90 ವರ್ಷ ಮುಳುಗುತ್ತ ಏಳುತ್ತ ಬಂದರೂ ಅದು ನಿಂತಿದೆ. ನಿಂತ ನೀರು ಈ ಕಟ್ಟಡಗಳನ್ನು ಕೆಡವುವುದಿಲ್ಲ. ಹರಿಯುವ ನೀರು, ಅದು ಹೊತ್ತು ತರುವ ಮರ, ಸಂದುಗಳಲ್ಲಿ ಬೇರಿಳಿಸುವ ಅರಳಿಗಿಡ ಇವೇ ಕಲ್ಲುಸೇತುವೆಯ ನಿಜವಾದ ಶತ್ರುಗಳು.

2018ರ ಮಳೆಗಾಲದಲ್ಲಿ ಮೇಲಿನ ಜಲಾಶಯಗಳು ತುಂಬಿ ನೀರು ಬಿಟ್ಟಾಗ ಶಿವನಸಮುದ್ರದ ವೆಸ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋಯಿತು. ವಾಹನಗಳಿಗೆ ಪಕ್ಕದಲ್ಲಿ ಹೊಸ ಸೇತುವೆ ಇರುವಾಗ ಹಳೆಯದು ಯಾಕೆ ಬೇಕು ಎಂಬ ಮಾತು ಇಂಥ ಹೊತ್ತಿನಲ್ಲಿ ಸುಲಭವಾಗಿ ಬರುತ್ತದೆ. ಉಳಿಸಲು ಹೊರಟವರೂ ಅವಸರದಲ್ಲಿ ಕಂಬಗಳ ಸುತ್ತ ಕಾಂಕ್ರೀಟ್ ಕವಚ ಕಟ್ಟಿಬಿಡಬಹುದು. ಆ ದುರಸ್ತಿ ಸೇತುವೆಗೆ ಹಾನಿ. ಕವಚ ಕಂಬವನ್ನು ದಪ್ಪ ಮಾಡಿ ನೀರಿನ ದಾರಿಯನ್ನು ಇನ್ನಷ್ಟು ಕಿರಿದಾಗಿಸುತ್ತದೆ, ಮುಂದಿನ ಪೂರದ ನೂಕನ್ನು ತಾನೇ ಹೆಚ್ಚಿಸುತ್ತದೆ. ಬಿಡಿಬಿಡಿ ಕಲ್ಲಿನ ಸೇತುವೆಗೆ ಬಿಡಿ ಕಲ್ಲಿನದೇ ದುರಸ್ತಿ ಸಲ್ಲುತ್ತದೆ. ಮಳೆಗೆ ಮುಂಚೆ ಸಿಕ್ಕಿಬಿದ್ದ ಮರಗಳನ್ನು ತೆಗೆಸಬೇಕು, ಸಂದುಗಳ ಗಿಡ ಕೀಳಿಸಬೇಕು, ಬಿದ್ದ ತೊಲೆಯನ್ನು ಹೊಳೆಯಿಂದ ಎತ್ತಿ ಮತ್ತೆ ಕೂರಿಸಬೇಕು, ಒಡೆದದ್ದಕ್ಕೆ ಅದೇ ಅಳತೆಯ ಹೊಸದನ್ನು ಕಡಿಸಬೇಕು. ಅದಕ್ಕೆ ಬೇಕಾದ ಬಂಡೆ ಸುತ್ತಲೇ ಇದೆ, ಕಲ್ಲು ಕಡಿಯುವ ಕೈಗಳೂ ಈ ಸೀಮೆಯಲ್ಲಿ ಇನ್ನೂ ಇವೆ. ಆ ಕೈಗಳು ಇರುವಾಗಲೇ ಈ ಕೆಲಸ ಆಗಬೇಕು.